ಉಮಾಶ್ರೀಯ ಗಾಜಿನ ಲೋಟಕ್ಕೆ ಹೆದರಿದ ಸಾಹೇಬರಿಗೆ

ಆನ್‌ಲೈನ್ ಮಾತುಗಳ ನಿಗಾ ಕೋಶದ ಘನ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಇಡೀ ಹೈದರಾಬಾದು ರೆಪ್ಪೆ ಮುಚ್ಚಿದರೂ ತಾವು ಮುಚ್ಚದ ಆ ಪವಿತ್ರ ಕಣ್ಣುಗಳಿಗೆ ಜೀಡಿಮೆಟ್ಲಾದ ಗೌಂಡಿ ಗುರುಸಿದ್ದಪ್ಪನ ಸಾಷ್ಟಾಂಗ ನಮಸ್ಕಾರಗಳು. ದೇವದುರ್ಗದ ಕಡೆಯ ನಮ್ಮೂರ ಸಾಲೆಯಲ್ಲಿ ನಾನು ಏಳನೆಯ ತರಗತಿಯವರೆಗೆ ಓದಿದವನು. ಹೆಡ್‌ಮಾಸ್ತರರೇ ತಮ್ಮ ರಜೆಯ ಅರ್ಜಿಯನ್ನು ನನ್ನಿಂದ ಬರೆಸುತ್ತಿದ್ದರೆಂದ ಮೇಲೆ ನನ್ನ ಬರವಣಿಗೆಯ ತೂಕವನ್ನು ತಾವೇ ಅಂದಾಜು ಮಾಡಿಕೊಳ್ಳಬಹುದು. ಈ ಭಾಗದಲ್ಲಿ ನಾನು ಕಟ್ಟದ ಗೋಡೆಯಿಲ್ಲ. ಆದರೆ ಇಟ್ಟಿಗೆ, ಸಿಮೆಂಟು ಯಾವುದೂ ಇಲ್ಲದೆ ಜನರ ಬಾಯಿಗೇ ಗೋಡೆ ಎಬ್ಬಿಸುವ ತಮ್ಮ ಕೈಚಳಕದ ಮುಂದೆ ನಾನು ಬರೀ ಗಾರೆ ಕಲಸುವವನು.

ವಿಷಯಕ್ಕೆ ಬರುತ್ತೇನೆ. ನನ್ನ ತಂಗಿಯ ಮಗಳು ಉಮಾಶ್ರೀ ಮಾತ್ರೆ ಪ್ಯಾಕ್ ಮಾಡುವ ಕೆಲಸಕ್ಕೆ ಹೋಗುವವಳು. ಕಾರ್ಖಾನೆಯ ಮಗ್ಗುಲಿಗಿರುವ ನಮ್ಮ ಓಣಿಯ ಬೋರಿನ ನೀರು ಒಂದು ದಿನ ತಿಳಿಯಾಗಿ, ಇನ್ನೊಂದು ದಿನ ಅರಿಶಿನ ಕಲಸಿದಂತೆ ಬರುವುದರಿಂದ, ಅವಳು ದಿನಾ ಬೆಳಿಗ್ಗೆ ಗಾಜಿನ ಲೋಟದಲ್ಲಿ ನೀರು ಹಿಡಿದು, ವಿಡಿಯೊ ಮಾಡಿ ಫೇಸ್‌ಬುಕ್ಕಿಗೆ ಹಾಕುತ್ತಿದ್ದಳು. ಅದನ್ನು ನೋಡಿಕೊಂಡೇ ನಮ್ಮ ಹೆಂಗಸರು ಕೊಡ ತುಂಬಿಸುತ್ತಿದ್ದರು, ಇಲ್ಲವೇ ಬಿಡುತ್ತಿದ್ದರು. ವರ್ಷಗಟ್ಟಲೆ ಕೊಟ್ಟ ಅರ್ಜಿಗಳನ್ನು ತಿರುಗಿಯೂ ನೋಡದ ಸರ್ಕಾರದಲ್ಲಿ ಅವಳ ವಿಡಿಯೊ ನೋಡುವ ಒಬ್ಬರು ರಸಿಕರಾದರೂ ಇದ್ದಾರೆಂದು ತಿಳಿದು ನಮಗಾದ ಆನಂದ ಅಷ್ಟಿಷ್ಟಲ್ಲ.

ತಾವು ಕಳಿಸಿದ ಸಾಹೇಬರು ಮನೆಗೆ ಬಂದು ನಮ್ಮ ಮಂಚದ ಮೇಲೆಯೇ ಕುಳಿತರು. ಕುಡಿಯಲು ನೀರು ಕೊಟ್ಟರೆ ಬೇಡವೆಂದು, ಚೀಲದಿಂದ ತಮ್ಮ ಬಾಟಲಿ ತೆಗೆದು ಕುಡಿದು, ಬಾಯಿ ಒರೆಸಿಕೊಂಡು, ನೀರು ಕೆಟ್ಟಿದೆ ಎನ್ನುವುದು ಜನರನ್ನು ಬೆದರಿಸುವ ಸುಳ್ಳೆಂದು ಉಪದೇಶ ಮಾಡಿದರು. ಹುಡುಗಿ ನಡುಗುತ್ತ ಎಲ್ಲ ವಿಡಿಯೊಗಳನ್ನೂ ಅವರೆದುರೇ ಅಳಿಸಿದಳು.

ಮರುದಿನ ಪಕ್ಕದ ಮನೆಯ ಪಾರ್ವತೆಮ್ಮ ಮೊಮ್ಮಗಳ ಫೋನಿನಲ್ಲಿ ನೋಡಿಸಿದಳು. ವಿಡಿಯೊ ಇರಲಿಲ್ಲ. ಕಣ್ಣು ಮಂಜಾದ ಮುದುಕಿ, ಕೆಟ್ಟಿದ್ದರೆ ಉಮಾಶ್ರೀ ಹೇಳುತ್ತಿದ್ದಳಲ್ಲ ಎಂದುಕೊಂಡು ಅದೇ ನೀರಿನಲ್ಲಿ ಗಂಜಿ ಕಾಯಿಸಿ ಕುಡಿದಳು. ಈಗ ದವಾಖಾನೆಯಲ್ಲಿದ್ದಾಳೆ. ಅವಳ ಮಗ ಮೌನಪ್ಪ ನನ್ನ ಹತ್ತಿರ ಬಂದು ಪಿಸುಗುಟ್ಟಿದ: “ಕಾಕಾ, ಅವ್ವಗ ವಾಂತಿ ಆಗಾಕತ್ತೈತಿ ಅಂತ ಗ್ರೂಪಿನ್ಯಾಗ ಹಾಕಿದ್ರ ಸರ್ಕಾರದ ವಿರುದ್ಧ ಆಕೈತೇನ್ರಿ?” ಓಣಿಯ ಗ್ರೂಪಿನಲ್ಲಿ ಈಗ ಗುಲಾಬಿ ಹೂವು, ಶುಭೋದಯ, ಇಷ್ಟೇ.

ಆದ್ದರಿಂದ ತಮ್ಮಲ್ಲಿ ವಿನಂತಿ ಏನೆಂದರೆ, ಅಪ್ಪಣೆಯಿಲ್ಲದೆ ಹಳದಿಯಾಗಿ ಜನರಲ್ಲಿ ಭೀತಿ ಹುಟ್ಟಿಸುತ್ತಿರುವ ಆ ನೀರಿನ ಮೇಲೆಯೇ ಕೇಸು ಜಡಿಯಬೇಕು. ಇನ್ನು ಮುಂದೆ ತಿಳಿಯಾಗಿಯೇ ಬರುತ್ತೇನೆಂದು ಅದರಿಂದ ಬರೆಸಿಕೊಳ್ಳಬೇಕು. ಪಾರ್ವತೆಮ್ಮನ ಹೊಟ್ಟೆಗೂ ಒಂದು ನೋಟೀಸು ಕಳಿಸಬೇಕು.

ಇನ್ನೆಂದೂ ಏನನ್ನೂ ಹಾಕುವುದಿಲ್ಲವೆಂದು ಬರೆದುಕೊಡಲು ಉಮಾಶ್ರೀಗೆ ಸೋಮವಾರ ತಮ್ಮ ಕಚೇರಿಗೆ ಬರಹೇಳಿದ್ದೀರಿ. ಬರುತ್ತಾಳೆ. ನಮ್ಮ ಕಡೆ ಮದುಮಗಳು ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಹೊಸ್ತಿಲಲ್ಲಿ ಅಡ್ಡಗಟ್ಟಿ ಕಾಡಿದರೆ ಮಾತ್ರ, ಒಡಪು ಎಂಬ ಪ್ರಾಸದ ಪದ ಕಟ್ಟಿ, ಅದರೊಳಗೆ ಹೆಸರನ್ನು ಕೂಡಿಸಿ, ನೆರೆದವರಿಗೆಲ್ಲ ಕೇಳುವಂತೆ ಹೇಳಿ ಒಳಗೆ ಹೋಗುತ್ತಾಳೆ. ನೀರು ಕೆಡಿಸಿದ ಕಾರ್ಖಾನೆಯ ಹೆಸರನ್ನು ಉಮಾಶ್ರೀ ಇಂದಿನವರೆಗೆ ಎಲ್ಲಿಯೂ ಎತ್ತಿಲ್ಲ. ಈಗ ತಾವು ಹೊಸ್ತಿಲಿಗೆ ಅಡ್ಡ ನಿಂತಿದ್ದೀರಿ. ನಿನ್ನೆ ಪಾರ್ವತೆಮ್ಮನನ್ನು ನೋಡಿ ಬಂದ ಮೇಲೆ ಹುಡುಗಿಯ ನಡುಕ ನಿಂತಿದೆ, ಒಡಪು ಸಿದ್ಧವಾಗಿದೆ, ಕೇಳಲು ಓಣಿಯ ಹೆಂಗಸರೆಲ್ಲ ಕೂಡಿ ಬರುತ್ತಾರೆ.

ಅಳಿಸುವ ತನಕ ತಮ್ಮ ವಿಶ್ವಾಸಿ,
ಗುರುಸಿದ್ದಪ್ಪ

ತಾ.ಕ.: ತಮಗೆ ಕನ್ನಡ ತಿಳಿಯದೆಂಬ ಚಿಂತೆ ಬೇಡ. ತೆಲುಗಿನಲ್ಲೂ ಹಿಂದಿಯಲ್ಲೂ ಕಟ್ಟಿಟ್ಟಿದ್ದೇವೆ. ಕಾರ್ಖಾನೆಯ ಹೆಸರು ಮೂರರಲ್ಲೂ ಚೆನ್ನಾಗಿ ಕೂತಿದೆ.