ಮಾಮಾನ ಮೊದಲ ಪ್ರಶ್ನೆ

ಎಂಟೇ ವಾರ ಟಿವಿಯಲ್ಲಿ ಬಂದು ನಿಂತುಹೋದ ಆಟವನ್ನು ಮೂವತ್ತೈದು ವರ್ಷದಿಂದ ಒಬ್ಬನೇ ನಡೆಸಿಕೊಂಡು ಬಂದಿರುವ ಮನುಷ್ಯನನ್ನು ನೋಡಿದ್ದೀರಾ? ಇಲ್ಲವಾದರೆ ಸೇಡಂಗೆ ಬನ್ನಿ, ನಮ್ಮ ಸೋದರಮಾವ ಅಲ್ಲೇ ಇದ್ದಾನೆ. ಆದರೆ ಜೋಡಿಯಾಗಿ ಮಾತ್ರ ಬರಬೇಡಿ!

ಆಟ ಇಷ್ಟೇ. ಸಿನಿಮಾದ ಗಂಡ-ಹೆಂಡತಿಯರನ್ನು ಕರೆಸಿ, ಬೆನ್ನಿಗೆ ಬೆನ್ನು ಕೂಡಿಸಿ, ಒಬ್ಬರ ಬಗ್ಗೆ ಇನ್ನೊಬ್ಬರನ್ನು ಕೇಳುವುದು. ಜನ ನೋಡಲಿಲ್ಲ, ನಿಂತಿತು. ಮಾಮಾ ಬಿಡಬೇಕಲ್ಲ! ಮದುವೆ, ಸೀಮಂತದ ಕುಬಸ, ನಾಮಕರಣದ ತೊಟ್ಟಿಲು, ಎಲ್ಲೇ ಹೋಗಲಿ, ಎರಡು ಕುರ್ಚಿ ಎಳೆದು, ಮೈಕಿನ ಬದಲು ಸೌಟು ಹಿಡಿದು "ಬರ್ರಿ, ಕುಂದ್ರಿ!" ಎನ್ನುತ್ತಾನೆ.

ಚಿತ್ತಾಪುರದ ಬೀಗರ ಮನೆಯಲ್ಲಿ ಒಮ್ಮೆ, "ನಿಮ್ಮ ಹೆಂಡ್ತಿಗಿ ಯಾವ ಪಲ್ಯ ಭಾಳ ಸೇರ್ತದ?" ಎಂದು ಕೇಳಿದ. ಗಂಡ ಎದೆಯುಬ್ಬಿಸಿ "ಪುಂಡಿಪಲ್ಯ!" ಅಂದ. ಹೆಂಡತಿ ಗರ್ರನೆ ತಿರುಗಿದಳು: "ಅದು ನಿಮ್ಮವ್ವಗ ಸೇರ್ತದ!" ಆ ದಂಪತಿ ಊಟಕ್ಕೂ ಬೆನ್ನು ತಿರುಗಿಸಿಕೊಂಡೇ ಕುಳಿತರು.

ಹೆಂಗಸರಿಗೆ ಮೊದಲ ಪ್ರಶ್ನೆ ತೀರ ಸುಲಭದ್ದು: "ನಿಮ್ಮ ಗಂಡನ ಹೆಸರೇನು?" ಈಗಿನ ಸೊಸೆಯಂದಿರು ಥಟ್ಟನೆ ಹೇಳಿಬಿಡುತ್ತಾರೆ. ಮಾಮಾನ ಹೆಂಡತಿ, ನಮ್ಮ ಅತ್ತಿಯ ವಾರಿಗೆಯವರು? ಬಾಯಿಗೆ ಸೆರಗು ಇಟ್ಟು ನಗುವುದೊಂದೇ! ಒಬ್ಬರೂ ಎರಡನೇ ಪ್ರಶ್ನೆಯ ಮುಖ ನೋಡಿಲ್ಲ.

ನಮ್ಮ ಅತ್ತಿಯಂತೂ ಆ ಕುರ್ಚಿಯ ಹತ್ತಿರವೇ ಸುಳಿದವಳಲ್ಲ. "ಒಮ್ಮೆರ ಕುಂದ್ರು, ನಿನ್ನ ಬಾಯಾಗ ನನ್ನ ಹೆಸರು ಕೇಳಬೇಕಾಗ್ಯದ" ಎಂದು ಮಾಮಾ ಗೋಗರೆದರೆ, "ಆಧಾರ್ ಕಾರ್ಡಿನಾಗ ಅದ, ಓದ್ಕೊಳ್ರಿ" ಅನ್ನುತ್ತಾಳೆ. ಇಡೀ ಜನ್ಮದಲ್ಲಿ ಆತನಿಗಿದ್ದದ್ದು ಆ ಒಂದೇ ಆಸೆ.

ಹೋದ ತಿಂಗಳು ಶಹಾಬಾದಿನಲ್ಲಿ ನಿಶ್ಚಿತಾರ್ಥವಿತ್ತು, ಮಾಮಾ, ಅತ್ತಿ, ನಾನು ಮೂವರೂ ರೈಲಿನಲ್ಲಿ ಹೊರಟಿದ್ದೆವು. ವಾಡಿಯಲ್ಲಿ ಚಹಾ ತರಲು ಇಳಿದ ಮಾಮಾ, ಬೆಂಚಿನ ಮೇಲಿದ್ದ ಹೊಸ ಜೋಡಿಯೊಂದನ್ನು ಬೆನ್ನಿಗೆ ಬೆನ್ನು ಕೂಡಿಸಿಬಿಟ್ಟಿದ್ದ! ಅಷ್ಟರಲ್ಲಿ ರೈಲು ಮೆಲ್ಲಗೆ ಹೊರಟಿತು. ಅತ್ತಿ ಬಾಗಿಲಿಗೆ ಓಡಿ "ಏನ್ರೀ!" ಎಂದು ಕೂಗಿದಳು. ಪ್ಲಾಟ್‌ಫಾರಂ ಮೇಲಿದ್ದ ಗಂಡಂದಿರೆಲ್ಲ ತಿರುಗಿ ನೋಡಿದರು, ನಮ್ಮವನೊಬ್ಬನನ್ನು ಬಿಟ್ಟು!

ಆಗ ಕೂಗಿದಳು ನೋಡಿ, ಮಾಮಾನ ಹೆಸರು! ಅಪ್ಪನ ಹೆಸರು, ಮನೆತನದ ಅಡ್ಡಹೆಸರು ಸಮೇತ!

ಮಾಮಾ ಬಿದ್ದಂಬೀಳ ಓಡಿಬಂದ. ನಾನು ಕೈಹಿಡಿದು ಒಳಗೆ ಎಳೆದುಕೊಂಡೆ. ಏದುಸಿರು ಬಿಡುತ್ತಿದ್ದರೂ ಮುಖವೆಲ್ಲ ನಗು.

"ಕಡೀಗಿ ಅಂದೆಲ್ಲ!"

ಅತ್ತಿ ನಗಲಿಲ್ಲ. ಆತನ ಅಂಗಿಯ ತೋಳು ಗಟ್ಟಿಯಾಗಿ ಹಿಡಿದಿದ್ದಳು.

"ಅನ್ನದೇ ಏನ್ ಮಾಡ್ಲಿ? ನೀವು ಹಿಂದ ಉಳದ್ರ, ಮುಂದ ನಾ ಯಾರಿಗಿ ಏನ್ರೀ ಅನ್ಲಿ?"

ಮಾಮಾ ಅವಳ ಪಕ್ಕ ಕುಳಿತ. ಶಹಾಬಾದ್ ಬರುವವರೆಗೂ ಯಾರಿಗೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.