ಸ್ಕ್ಯಾನಿಂಗ್ ಫೋಟೊ ಮತ್ತು ನನ್ನ ಮುಡಿ

ಬಲ್ಲವನೆಂಬ ಹೆಸರು ಒಮ್ಮೆ ಬಂದುಬಿಟ್ಟರೆ ಗೊತ್ತಿಲ್ಲ ಎನ್ನಲು ನಾಲಿಗೆಯೇ ಏಳುವುದಿಲ್ಲ. ಕಡೂರಿನಲ್ಲಿ ನನ್ನದು ಕೊಬ್ಬರಿ ವ್ಯಾಪಾರ. ಹೋಳಿನ ಒಳಗೆ ಬೆಳ್ಳಗಿದ್ದರೆ ಒಳ್ಳೆಯ ಮಾಲು, ಕಪ್ಪು ಕಂಡರೆ ಕೊಳೆತದ್ದು. ಇಷ್ಟೇ ವಿದ್ಯೆಯಲ್ಲಿ ಸಂಸಾರ ನಡೆಸಿದವನು ನಾನು. ಅದನ್ನು ಹೆಂಡತಿಯ ಹೊಟ್ಟೆಯ ಮೇಲೂ ಪ್ರಯೋಗಿಸಲು ಹೋದದ್ದು ಮಾತ್ರ ಅತಿಯಾಯಿತು.

ಎಂಬತ್ತರ ದಶಕದ ಮಾತು. ಗಿರಿಜೆಗೆ ಕಿಬ್ಬೊಟ್ಟೆಯ ನೋವು. ನಮ್ಮೂರ ಡಾಕ್ಟರಮ್ಮ ಶಿವಮೊಗ್ಗದಲ್ಲಿ ಸ್ಕ್ಯಾನಿಂಗ್ ಮಾಡಿಸಿಕೊಂಡು ಬನ್ನಿ ಎಂದರು. ಆಗ ಅದು ಹೊಸ ಯಂತ್ರ. ಅಲ್ಲಿಯವರು ಫೋಟೊ ಕೈಗಿಟ್ಟು, ನಿಮ್ಮ ಡಾಕ್ಟರಿಗೇ ತೋರಿಸಿ ಎಂದು ಕಳಿಸಿದರು. ನನಗೆ ತಡೆಯಲಾದೀತೇ? ವಾಪಸು ಬರುವಾಗ ಬಸ್ಸಿನ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬೂದುಬಣ್ಣದ ನಡುವೆ ದುಂಡಗೆ, ಕಪ್ಪಗೆ ಏನೋ ಒಂದು! ಜೀವ ಬಾಯಿಗೆ ಬಂತು.

"ಏನ್ರೀ ಅದು?" ಎಂದಳು ಗಿರಿಜೆ.

"ಏನಿಲ್ಲ ಕಣೇ" ಎಂದೆ. ನನ್ನ ಮುಖ ನೋಡಿಯೇ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ತರೀಕೆರೆಯಲ್ಲಿ ಬಸ್ಸು ನಿಂತರೂ ಕಾಫಿಗೆಂದು ಇಳಿಯುವ ಮನಸ್ಸಾಗಲಿಲ್ಲ. ಇವಳಿಲ್ಲದ ಮನೆಯೇ ಕಣ್ಣೆದುರು ಬಂತು. ಕೂತಲ್ಲೇ ಮನೆದೇವರು ವೀರಭದ್ರನಿಗೆ, ಇವಳನ್ನು ಉಳಿಸಪ್ಪಾ, ಮುಡಿ ಕೊಡುತ್ತೇನೆ ಎಂದು ಹರಕೆ ಹೊತ್ತೆ. ದಿನಾ ಎಣ್ಣೆ ಹಚ್ಚಿ, ಕ್ರಾಪು ತೀಡಿ, ಕನ್ನಡಿಯನ್ನು ಬಿಟ್ಟು ಕದಲದ ನನಗೆ ಅದೇನು ಸಣ್ಣ ತ್ಯಾಗವಲ್ಲ.

ಕಡೂರಿನಲ್ಲಿ ಡಾಕ್ಟರಮ್ಮ ಫೋಟೊ ನೋಡಿದವರೇ ನಕ್ಕುಬಿಟ್ಟರು. "ಗಾಬ್ರಿಯಾಗ್ಬೇಡ ಕಣಮ್ಮ, ಇದು ಗಡ್ಡೆ ಅಲ್ಲ. ಅಂಡಾಶಯದಲ್ಲಿ ಮೊಟ್ಟೆ ಬೆಳೆಯೋ ನೀರಿನ ಗುಳ್ಳೆ. ತಿಂಗಳು ತಿಂಗಳೂ ಬರ್ತದೆ, ತಾನಾಗೇ ಹೋಗ್ತದೆ. ನೋವಿಗೆ ಮಾತ್ರೆ ಕೊಡ್ತೀನಿ, ಸಾಕು."

"ಮತ್ತೆ ಇಷ್ಟು ಕಪ್ಪಗೈತಲ್ಲ ಡಾಕ್ಟ್ರೇ?"

"ಇದರಲ್ಲಿ ನೀರು ಕಪ್ಪಗೇ ಕಾಣೋದು ಕಣ್ರೀ. ಗೋಡೆ ತೆಳ್ಳಗಿದೆ, ಒಳಗೆ ಬರೀ ತಿಳಿನೀರು. ಎಳನೀರು ಅಂದ್ಕೊಳ್ಳಿ."

ಎಳನೀರನ್ನು ಕೊಳೆತ ಕೊಬ್ಬರಿ ಎಂದು ತೀರ್ಪು ಕೊಟ್ಟಿದ್ದೆ! ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅಷ್ಟು ಖುಷಿಯಾಗಿತ್ತು.

ಗುಳ್ಳೆ ತಾನಾಗಿ ಹೋಗುವಂಥದ್ದಾದರೂ ಹರಕೆ ಹಾಗೆ ಹೋಗುತ್ತದೆಯೇ? ಮುಡಿ ಕೊಟ್ಟೆ. ಮರುದಿನ ಮಂಡಿಗೆ ಬಂದ ಅಜ್ಜಂಪುರದ ಗೌಡರು ನನ್ನ ಬೋಳು ತಲೆ ನೋಡಿ ದನಿ ತಗ್ಗಿಸಿ, "ಏನಪ್ಪಾ, ಯಾರು ಹೋಗ್ಬಿಟ್ರು?" ಎಂದರು. "ಯಾರೂ ಹೋಗಿಲ್ಲ ಗೌಡ್ರೇ, ಎಲ್ಲಾ ಚೆನ್ನಾಗವ್ರೆ!" ಎಂದು ಇಡೀ ಮಂಡಿಗೆ ಕೇಳುವಂತೆ ಕೂಗಿದೆ.

ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ಗಿರಿಜೆ ಕಾಫಿ ಲೋಟ ಕೊಡುತ್ತಾ ನನ್ನ ತಲೆಯನ್ನೇ ನೋಡಿದಳು. "ಅಲ್ಲ ರೀ, ಅದು ತಿಂಗಳು ತಿಂಗಳೂ ಬರ್ತದೆ ಅಂದ್ರಲ್ಲ ಡಾಕ್ಟ್ರು. ನಿಮ್ಮ ಕೂದ್ಲು ಅಷ್ಟು ಬೇಗ ಬೆಳೀತದಾ?"