ಹೆಪ್ಪು ಹಾಕುವ ಕೈ

ಇರುವೆಯನ್ನೂ ನೋಯಿಸದವನು ಎಂದು ನನ್ನನ್ನು ಹೊಗಳುವವರಿದ್ದಾರೆ. ಅದು ಸದ್ಗುಣವಲ್ಲ, ಕೈಲಾಗದಿರುವಿಕೆ. ನನಗೆ ಸಂಬಳ ಕೊಡುವುದೇ ಕೊಲ್ಲುವುದಕ್ಕೆ. ಟೋಕಿಯೊದ ವಿಶ್ವವಿದ್ಯಾಲಯವೊಂದರಲ್ಲಿ ಹೊಸ ಸಾವಯವ ಸಂಯುಕ್ತಗಳನ್ನು ತಯಾರಿಸಿ, ಅವು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆಯೇ ಎಂದು ನೋಡುವುದು ನನ್ನ ಕೆಲಸ. ಸಂಯುಕ್ತವನ್ನು ಕಾಗದದ ಪುಟ್ಟ ಬಿಲ್ಲೆಗೆ ಹೀರಿಸಿ ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲಿಡಬೇಕು. ಔಷಧ ನಾಟಿದರೆ ಮರುದಿನ ಬಿಲ್ಲೆಯ ಸುತ್ತ ತಿಳಿಯಾದ ಬಳೆ ಮೂಡುತ್ತದೆ. ಮೂರು ವರ್ಷಗಳಲ್ಲಿ ನಲವತ್ತೆರಡು ಸಂಯುಕ್ತ ಮಾಡಿದೆ. ಬ್ಯಾಕ್ಟೀರಿಯಾಗಳು ಬಿಲ್ಲೆಯ ಅಂಚಿನವರೆಗೂ ಬಂದು ಸುಖವಾಗಿ ಸಂಸಾರ ಹೂಡಿದವು. ಮಾರ್ಚಿಗೆ ನನ್ನ ಕರಾರು ಮುಗಿಯುತ್ತಿತ್ತು. ಅಷ್ಟರೊಳಗೆ ಒಂದಾದರೂ ಬಳೆ ಮೂಡದಿದ್ದರೆ ಗಂಟುಮೂಟೆ ಕಟ್ಟಬೇಕಿತ್ತು.

ಊರಂಚಿನ ಗ್ಯೋಟೋಕು ಬಡಾವಣೆಯ ನಮ್ಮ ಮನೆಯಲ್ಲಿ ಹೆಂಡತಿ ಸುಮಾ ಇದರಲ್ಲೂ ಲಾಭ ಕಂಡಿದ್ದಳು. ಟೋಕಿಯೊದಲ್ಲೇ ಓಜಿಮಾದಲ್ಲಿರುವ ಗೆಳತಿಯಿಂದ ಪಡೆದ ಹೆಪ್ಪನ್ನು ಅವಳು ಮಗುವಿನಂತೆ ಕಾಪಾಡುತ್ತಿದ್ದಳು. "ದಿನಾ ನೀವೇ ಹೆಪ್ಪು ಹಾಕ್ರೀ. ನಿಮ್ಮ ಕೈಲಿ ಒಂದು ಬ್ಯಾಕ್ಟೀರಿಯಾನೂ ಸಾಯಲ್ಲ, ಮೊಸರು ಸೂಪರ್ ಆಗುತ್ತೆ" ಎನ್ನುತ್ತಿದ್ದಳು.

ನಮ್ಮ ಪ್ರಯೋಗಾಲಯದ ಹಿಂದೆ ಒಂದು ಕಲ್ಲಿದೆ. ಪ್ರಯೋಗಗಳಲ್ಲಿ ಸತ್ತ ಸೂಕ್ಷ್ಮಜೀವಿಗಳ ನೆನಪಿಗೆ ನಿಲ್ಲಿಸಿದ್ದು. ವರ್ಷಕ್ಕೊಮ್ಮೆ ಪ್ರೊಫೆಸರರಿಂದ ಹಿಡಿದು ಗಾಜು ತೊಳೆಯುವವರವರೆಗೆ ಎಲ್ಲರೂ ಕಪ್ಪು ಕೋಟು ತೊಟ್ಟು, ಬಿಳಿ ಸೇವಂತಿಗೆ ಇಟ್ಟು ತಲೆಬಾಗುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತು. ಕಣ್ಣಿಗೇ ಕಾಣದವುಗಳ ಕ್ಷಮೆ ಕೇಳುವ ಜನ! ಈ ಸಲವೂ ಹೂ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಹಿರಿಯ ತಂತ್ರಜ್ಞೆ ಮೋರಿ-ಸಾನ್ ಬಹಳ ವಿನಯದಿಂದ, "ಮೂರ್ತಿ-ಸಾನ್, ನೀವು ಬರಲೇಬೇಕೆಂದೇನೂ ಇಲ್ಲ" ಎಂದರು.

ಅದಾದ ಮೂರನೇ ವಾರ, ನಲವತ್ತಮೂರನೆಯ ಸಂಯುಕ್ತದ ಸುತ್ತ ಬಳೆ ಮೂಡಿತು. ನಂಬಿಕೆಯಾಗದೆ ಮತ್ತೆರಡು ಸಲ ಮಾಡಿದೆ. ಮತ್ತೆರಡು ಸಲವೂ ಮೂಡಿತು. ಪ್ರೊಫೆಸರರು ಕರಾರು ಮುಂದುವರಿಸುವುದಾಗಿ ಹೇಳಿದರು. ನಾನು ಕುಣಿಯಬೇಕಿತ್ತು. ಆದರೆ ತಟ್ಟೆಯನ್ನು ಬೆಳಕಿಗೆ ಹಿಡಿದು ಆ ಬಳೆಯನ್ನೇ ನೋಡಿದೆ. ಮೊನ್ನೆಯವರೆಗೆ ಭೂಮಿಯ ಮೇಲೆಲ್ಲೂ ಇರದಿದ್ದ ಒಂದು ಚಿಟಿಕೆ ಪುಡಿ, ನನ್ನ ಫ್ಲಾಸ್ಕಿನಲ್ಲಿ ಹುಟ್ಟಿದ್ದು, ಎಣಿಸಲಾಗದಷ್ಟು ಜೀವಗಳ ಜಾಗವನ್ನು ಕನ್ನಡಿಯಂತೆ ಖಾಲಿ ಮಾಡಿತ್ತು. ನಿಜ ಹೇಳುತ್ತೇನೆ, ಬೆರಗಾಯಿತು, ಸ್ವಲ್ಪ ಹೆದರಿಕೆಯೂ ಆಯಿತು. ಮೋರಿ-ಸಾನ್ ಬಂದು ತಟ್ಟೆ ನೋಡಿ, "ಈಗ ಬನ್ನಿ" ಎಂದು ನನ್ನನ್ನು ಆ ಕಲ್ಲಿನ ಮುಂದೆ ಕರೆದೊಯ್ದರು. ಅಲ್ಲಿ ನಾನು ಬಾಗಿದಷ್ಟು ಹೊತ್ತು ಎಂದೂ ಬಾಗಿರಲಿಲ್ಲ.

ಮನೆಗೆ ಬಂದು ಸುದ್ದಿ ಹೇಳಿದೆ. ಸುಮಾಳ ಕಣ್ಣು ತುಂಬಿ ಬಂತು. ನಾನು ಎಂದಿನಂತೆ ಹೆಪ್ಪಿನ ಬಟ್ಟಲಿಗೆ ಕೈ ಹಾಕಿದೆ.

"ಅಯ್ಯೋ, ರೀ! ಅದನ್ನ ಮುಟ್ಟಬೇಡಿ! ಮೊದ್ಲು ಸ್ನಾನ ಮಾಡ್ಕೊಂಡು ಬನ್ನಿ!"

ಸ್ನಾನ ಮಾಡಿ ಬಂದರೂ ಕೊಡಲಿಲ್ಲ. ಅಂದಿನಿಂದ ಹೆಪ್ಪು ಹಾಕುವುದು ಅವಳೇ. ಮನೆಯಲ್ಲಿ ನನಗೆ ಸರಿಯಾಗಿ ಬರುತ್ತಿದ್ದ ಕೆಲಸ ಅದೊಂದೇ ಆಗಿತ್ತು.